ಸೇನಾಪತಿಗೆ ಬಣ್ಣ: ಬಾಟಲಿಯಲ್ಲಿ 272 ಮಿ.ಲೀ., ಗೊಂಬೆಯ ಮೇಲೆ 1 ಮಿ.ಲೀ.

1815ರ ಜೂನ್ 18ರಂದು ವಾಟರ್ಲೂ ಕದನದಲ್ಲಿ ಮಿತ್ರಪಡೆಯನ್ನು ನಡೆಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನನ್ನು ಕುದುರೆ ಸಮೇತ 54 ಮಿಲಿಮೀಟರ್ ಅಳತೆಯ ಗೊಂಬೆಯಾಗಿ ಎರಕ ಹೊಯ್ದರೆ ಬಣ್ಣ ಬಳಿಯಲು ಸಿಗುವ ಮೇಲ್ಮೈ ಸುಮಾರು 70 ಚದರ ಸೆಂಟಿಮೀಟರ್. ಅದರಲ್ಲಿ ಮುಖದ ಪಾಲು 0.84 ಚದರ ಸೆಂ.ಮೀ., ಅಂದರೆ ಶೇ 1.2. ಗಾಜಿನ ಕಪಾಟಿನಲ್ಲಿ ಇಡುವ ಮಟ್ಟದ ಕೆಲಸಕ್ಕೆ 20 ಗಂಟೆ ಎಂದು ಹಿಡಿದರೆ ಮುಖವೊಂದಕ್ಕೇ 5 ಗಂಟೆ ಬೇಕು. ಅದು ಒಟ್ಟು ಸಮಯದ ಶೇ 25. ಗೊಂಬೆಗೆ ಬಣ್ಣ ಬಳಿಯುವ ಈ ಹವ್ಯಾಸದ ಖರ್ಚುವೆಚ್ಚವನ್ನು ನಿರ್ಧರಿಸುವುದು ಈ ಎರಡು ಶೇಕಡಾವಾರುಗಳ ನಡುವಿನ ಅಂತರ. ಬಣ್ಣದ ಬೆಲೆಯ ಪಾತ್ರ ಅದರಲ್ಲಿ ತೀರಾ ಕಡಿಮೆ.

ಲೆಕ್ಕದ ಆಧಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 54 ಮಿ.ಮೀ. ಗೊಂಬೆ ಎಂದರೆ ಸುಮಾರು 1:32 ಪ್ರಮಾಣ. ನಿಜ ಮನುಷ್ಯನ ಎತ್ತರದ ಮೂವತ್ತೆರಡನೇ ಒಂದು ಭಾಗ. ಎತ್ತರ 32 ಪಟ್ಟು ಇಳಿದರೆ ಮೇಲ್ಮೈ 32ರ ವರ್ಗದಷ್ಟು, ಅಂದರೆ 1,024 ಪಟ್ಟು ಇಳಿಯುತ್ತದೆ. ಗಾತ್ರ 32ರ ಘನದಷ್ಟು, ಅಂದರೆ 32,768 ಪಟ್ಟು ಇಳಿಯುತ್ತದೆ. ವಯಸ್ಕ ಗಂಡಸಿನ ಮೈಚರ್ಮದ ವಿಸ್ತೀರ್ಣ ಸುಮಾರು 1.9 ಚದರ ಮೀಟರ್. ಅದು ಗೊಂಬೆಯಲ್ಲಿ 18.6 ಚದರ ಸೆಂ.ಮೀ. ಆಗುತ್ತದೆ. ಕೋಟಿನ ಮಡಿಕೆ, ಮೇಲುಹೊದಿಕೆ, ಟೊಪ್ಪಿಗೆ ಸೇರಿಸಿ ಅದನ್ನು 26 ಎಂದು ಹಿಡಿದಿದ್ದೇನೆ. ಕುದುರೆಯ ಮೈ 4.5 ಚದರ ಮೀಟರ್ ಎಂದಿಟ್ಟುಕೊಂಡರೆ ಗೊಂಬೆಯಲ್ಲಿ 44 ಚದರ ಸೆಂ.ಮೀ. ಎರಡೂ ಸೇರಿ 70. ಮುಖದ ಅಂಕಿಗೆ ಸುಟ್ಟಗಾಯದ ವೈದ್ಯರ ‘ಒಂಬತ್ತರ ಸೂತ್ರ’ ಆಧಾರ: ತಲೆ ಮತ್ತು ಕತ್ತು ಸೇರಿ ಮೈಯ ಶೇ 9, ಅದರ ಮುಂಭಾಗ ಶೇ 4.5.

ಕೆಳಗಿನ ದರಗಳು ಹೋಲಿಕೆಗೆಂದು ಇಟ್ಟುಕೊಂಡ ಆಧಾರ ದರಗಳು. ಅಂಗಡಿಯಿಂದ ಅಂಗಡಿಗೆ ಇವು ಬದಲಾಗುತ್ತವೆ. ಬಣ್ಣದ ಬಾಟಲಿಗೆ 300 ರೂ., ಒಳ್ಳೆಯ ಬ್ರಷ್ಷಿಗೆ 1,500 ರೂ., ಗೊಂಬೆಯ ಬಿಡಿಭಾಗಗಳ ಪೆಟ್ಟಿಗೆಗೆ 6,000 ರೂ., ಪೌಂಡಿಗೆ 115 ರೂ., ಡಾಲರಿಗೆ 85 ರೂ.

ಎತ್ತರದಿಂದಲೇ ಆರಂಭಿಸಬಹುದು. ವೆಲ್ಲಿಂಗ್ಟನ್ 5 ಅಡಿ 9 ಅಂಗುಲ, ಅಂದರೆ ಸುಮಾರು 175 ಸೆಂ.ಮೀ.; 1:32ರಲ್ಲಿ 54.8 ಮಿ.ಮೀ. ನೆಪೋಲಿಯನ್‌ನ ಎತ್ತರ ಫ್ರೆಂಚ್ ಅಳತೆಯಲ್ಲಿ 5 ಅಡಿ 2 ಅಂಗುಲ. ಫ್ರೆಂಚ್ ಅಂಗುಲ 2.7 ಸೆಂ.ಮೀ., ಇಂಗ್ಲಿಷ್ ಅಂಗುಲ 2.54. ಫ್ರೆಂಚ್ ಲೆಕ್ಕದಲ್ಲಿ ಅವನು 168 ಸೆಂ.ಮೀ., ಗೊಂಬೆಯಾದರೆ 52.5 ಮಿ.ಮೀ.; ಅದೇ ಅಂಕಿಯನ್ನು ಇಂಗ್ಲಿಷ್ ಅಳತೆಯೆಂದು ಓದಿದರೆ 157.5 ಸೆಂ.ಮೀ., ಗೊಂಬೆ 49.2 ಮಿ.ಮೀ. ಇಬ್ಬರು ಎದುರಾಳಿಗಳ ನಡುವಿನ ನಿಜವಾದ ಅಂತರ 2.3 ಮಿ.ಮೀ.; ಅಳತೆಗೋಲು ತಪ್ಪಿದರೆ ಅದು 5.6 ಮಿ.ಮೀ. ಕುಳ್ಳ ನೆಪೋಲಿಯನ್‌ನ ಗೊಂಬೆ ಕಂಡರೆ ತಪ್ಪು ಶಿಲ್ಪಿಯ ಕೈಯದಲ್ಲ, ಅಂಗುಲದ್ದು.

ಬಣ್ಣದ ಪ್ರಮಾಣ. ಈ ಕೆಲಸಕ್ಕೆ ಬಳಸುವುದು ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್. ಸ್ಪೇನಿನ ವಲ್ಲೆಹೋ ಕಂಪನಿ 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾಗಿ 1969ರಲ್ಲಿ ಸ್ಪೇನಿಗೆ ಸ್ಥಳಾಂತರಗೊಂಡಿತು. ಅದರ ಮಾಡೆಲ್ ಕಲರ್ ಬಾಟಲಿ ಬಹುಕಾಲ 17 ಮಿ.ಲೀ. ಗಾತ್ರದಲ್ಲಿ ಬಂದಿದೆ. ಹಸಿ ಬಣ್ಣದ ಪದರವನ್ನು 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ಎಂದು ಹಿಡಿದರೆ 70 ಚದರ ಸೆಂ.ಮೀ.ಗೆ ಒಂದು ಕೋಟಿಂಗ್ 0.35 ಮಿ.ಲೀ. ತಳಬಣ್ಣ, ನೆರಳು, ಬೆಳಕು ಎಲ್ಲ ಸೇರಿ ಸರಾಸರಿ 6 ಪದರ; ಒಟ್ಟು 2.1 ಮಿ.ಲೀ. ಅರ್ಧ ನೀರು. ಗೊಂಬೆಯ ಮೇಲೆ ಉಳಿಯುವ ಬಣ್ಣ ಸುಮಾರು 1 ಮಿ.ಲೀ.

ಬಾಟಲಿಯಿಂದ ಹೊರಬರುವುದು ಅದರ ಮೂರು ಪಟ್ಟು. ಒಂದು ಹನಿ 0.05 ಮಿ.ಲೀ.; ನೀರು ಬೆರೆಸದೆಯೂ 10 ಚದರ ಸೆಂ.ಮೀ.ಗೆ ಸಾಕು, ಅಂದರೆ ಇಂಥ 12 ಮುಖಗಳಿಗೆ. ಒಂದು ಮುಖಕ್ಕೆ ಬೇಕಾದ ಚರ್ಮದ ಬಣ್ಣ ಹನಿಯ ಹನ್ನೆರಡನೇ ಒಂದು ಭಾಗ. ಆದರೆ ಬಾಟಲಿ ಅರ್ಧ ಹನಿಯನ್ನೂ ಕೊಡುವುದಿಲ್ಲ. ಉಳಿದದ್ದು ತಟ್ಟೆಯಲ್ಲಿ ಒಣಗುತ್ತದೆ. ಒದ್ದೆ ಸ್ಪಂಜಿನ ಮೇಲೆ ಕಾಗದ ಹಾಸಿ ಬಣ್ಣವನ್ನು ಹಸಿಯಾಗಿಡುವ ವೆಟ್ ಪ್ಯಾಲೆಟ್ ಬಳಸಿದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಹೀಗಾಗಿ ಒಬ್ಬ ಸೇನಾಪತಿಗೆ 60 ಹನಿ, 3 ಮಿ.ಲೀ. ಬಾಟಲಿಗೆ 300 ರೂ.ನಂತೆ ಮಿ.ಲೀ.ಗೆ 17.65 ರೂ.; 3 ಮಿ.ಲೀ.ಗೆ 53 ರೂ.

ಕೈಬಿಟ್ಟು ಹೋಗುವ ಹಣ ಮಾತ್ರ 53 ಅಲ್ಲ. ವೆಲ್ಲಿಂಗ್ಟನ್‌ಗೂ ಕುದುರೆಗೂ ಪೀಠದ ಮಣ್ಣಿಗೂ ಸೇರಿ 16 ಬಣ್ಣ ಬೇಕೆಂದರೆ 4,800 ರೂ. ಕೊಟ್ಟು 272 ಮಿ.ಲೀ. ತರಬೇಕು. ಬಳಕೆಯಾಗುವುದು ಅದರ ಶೇ 1.1. ಕಾಗದದ ಮೇಲಿನ ಲೆಕ್ಕದಲ್ಲಿ ಉಳಿದದ್ದು ಇನ್ನೂ 89 ಸೇನಾಪತಿಗಳಿಗೆ ಸಾಲುತ್ತದೆ. ವಾಸ್ತವದಲ್ಲಿ ಹಾಗೆ ಆಗುವುದಿಲ್ಲ: ಕಡುನೀಲಿ ಮತ್ತು ಕಪ್ಪು ಮೊದಲು ಖಾಲಿ, ಚಿನ್ನದ ಬಣ್ಣ ತಳದಲ್ಲಿ ಗಟ್ಟಿಯಾಗಿ ಕಸದಬುಟ್ಟಿಗೆ. ಬಾಟಲಿ ಚಿಕ್ಕದಾಗಿದ್ದರೆ ನಷ್ಟ ಕಡಿಮೆ, ದರ ಹೆಚ್ಚು. ಬ್ರಿಟನ್ನಿನ ಸಿಟಡೆಲ್ ಬಣ್ಣದ ಡಬ್ಬಿ 12 ಮಿ.ಲೀ.; ಅದೇ 300 ರೂ.ಗೆ ಸಿಕ್ಕಿತೆಂದುಕೊಂಡರೂ ಮಿ.ಲೀ.ಗೆ 25 ರೂ., 17 ಮಿ.ಲೀ. ಬಾಟಲಿಗಿಂತ ಶೇ 42 ತುಟ್ಟಿ.

16 ಎಂಬ ಅಂಕಿ ಚಿಕ್ಕದು. ಅದಕ್ಕೆ ಕಾರಣ ವೆಲ್ಲಿಂಗ್ಟನ್‌ನ ಉಡುಪು. ವಾಟರ್ಲೂನಲ್ಲಿ ಅವನು ತೊಟ್ಟದ್ದು ಕಸೂತಿ ಇಲ್ಲದ ನೀಲಿ ಕೋಟು, ಬಿಳಿ ಚಲ್ಲಣ, ಕಪ್ಪು ಬೂಟು, ನೀಲಿ ಮೇಲುಹೊದಿಕೆ. ಗರಿಯಿಲ್ಲದ ಕಪ್ಪು ಟೊಪ್ಪಿಗೆಯಲ್ಲಿ 4 ರಿಬ್ಬನ್ ಗುರುತುಗಳು: ಬ್ರಿಟನ್ನಿನ ಕಪ್ಪು, ಜೊತೆಗೆ ಸ್ಪೇನ್, ಪೋರ್ಚುಗಲ್, ನೆದರ್‌ಲ್ಯಾಂಡ್ಸ್‌ನವು. ಇಡೀ ಗೊಂಬೆಯಲ್ಲಿ ಬಣ್ಣ ಬದಲಿಸಬೇಕಾದ ಅತಿ ಇಕ್ಕಟ್ಟಿನ ಜಾಗ ಅದೇ. ಕೋಟಿನ ನೀಲಿ ನಿಜದಲ್ಲಿ ನೀಲಿಗಿಡದ ಬಣ್ಣ, ಆ ಕಾಲಕ್ಕೆ ಬ್ರಿಟನ್ನಿಗೆ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ಬಂಗಾಳದಿಂದ. ಗೊಂಬೆಯ ಮೇಲೆ ಕಪ್ಪಿಗೆ ಹತ್ತಿರದ ನೀಲಿಯಿಂದ ಶುರು ಮಾಡಿ, ಮಡಿಕೆಯ ಏಣಿಗೆ ಬಂದಂತೆ ಬೂದು ಬೆರೆಸಿ ತಿಳಿಗೊಳಿಸುತ್ತಾರೆ. ಬಿಳಿ ಬೆರೆಸಿದರೆ ಕೋಟು ಆಕಾಶನೀಲಿಯಾಗಿ ಅಶ್ವಸೈನಿಕನದ್ದಾಗಿಬಿಡುತ್ತದೆ.

ಇದೇ ಮನುಷ್ಯನನ್ನು 16 ವರ್ಷ ಹಿಂದಕ್ಕೆ ಒಯ್ದರೆ ಖರ್ಚು ಏರುತ್ತದೆ. 1799ರಲ್ಲಿ ಅವನು ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ, 33ನೇ ಕಾಲಾಳು ರೆಜಿಮೆಂಟಿನವನು, ಕೋಟು ಕೆಂಪು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ನಡೆಸಿದ ದಾಳಿ ಕತ್ತಲಲ್ಲಿ ಕೆಟ್ಟಿತು. ಮೇ 4ರಂದು ಕೋಟೆ ಬಿತ್ತು. ಆಮೇಲೆ ಅವನೇ ಪಟ್ಟಣದ ಆಡಳಿತಾಧಿಕಾರಿ, ವಾಸ ದರಿಯಾ ದೌಲತ್‌ನಲ್ಲಿ. ಕೊಳ್ಳೆಯ ಹಂಚಿಕೆಯಲ್ಲಿ ಅವನಿಗೆ ಬಂದದ್ದು ಸುಮಾರು 4,000 ಪೌಂಡ್. 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಸೀಮೆಯ ಕೋಣಗಲ್ ಬಳಿ ದಂಗೆ ಎದ್ದಿದ್ದ ಧೋಂಡಿಯ ವಾಘ್‌ನನ್ನು ಸೋಲಿಸಿ ಕೊಂದದ್ದೂ ಇವನ ಪಡೆಯೇ. 1791–92ರಲ್ಲಿ ಕಾರ್ನ್‌ವಾಲಿಸ್ ಸೇನೆಯೊಂದಿಗೆ ಮೈಸೂರು ಸೀಮೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1804ರಲ್ಲಿ ಬಿಡಿಸಿದ ಭಾವಚಿತ್ರದಲ್ಲೂ ಅವನು ಕೆಂಪು ಕೋಟಿನ ಮೇಜರ್ ಜನರಲ್.

ಕೆಂಪು ಬಣ್ಣ ಕಡುನೀಲಿಯಷ್ಟು ಮುಚ್ಚುವುದಿಲ್ಲ. ಕೆಳಗಿನ ಪದರ ಇಣುಕುತ್ತದೆ. 2 ಪದರ ಸಾಕಾಗುವಲ್ಲಿ 3 ಅಥವಾ 4 ಬೇಕು. ಭುಜಪಟ್ಟಿಯ ಜರಿ, ಕಾಲರು, ಕೈತುದಿಗೆ ಬೇರೆ ಬಣ್ಣ. ಸೈನಿಕರ ಕೋಟಿಗೆ ಮಂಜಿಷ್ಠದ ಕೆಂಪು, ಅಧಿಕಾರಿಗಳದ್ದಕ್ಕೆ ಕೋಚಿನೀಲ್ ಹುಳುವಿನಿಂದ ತೆಗೆದ ದುಬಾರಿ ಕೆಂಪು ಹಾಕುತ್ತಿದ್ದರಿಂದ ಬಲ್ಲವರು ಎರಡು ಬೇರೆ ಕೆಂಪುಗಳನ್ನೇ ಇಟ್ಟುಕೊಳ್ಳುತ್ತಾರೆ. 16ರ ಬದಲು 20 ಬಾಟಲಿ, 20ರ ಬದಲು 24 ಗಂಟೆ ಎಂದು ಹಿಡಿದರೆ ಬಣ್ಣದ ದಾಸ್ತಾನು ಶೇ 25, ಸಮಯ ಶೇ 20 ಏರುತ್ತದೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ವಾಟರ್ಲೂನ ವೆಲ್ಲಿಂಗ್ಟನ್‌ಗಿಂತ ಗಂಟೆಗಳ ಲೆಕ್ಕದಲ್ಲಿ ಐದನೇ ಒಂದು ಭಾಗದಷ್ಟು ತುಟ್ಟಿ. 30ರ ಕರ್ನಲ್‌ನ ಮುಖದಲ್ಲಿ ಗೆರೆ ಕಡಿಮೆ, 46ರ ಡ್ಯೂಕ್‌ಗೆ ಹೆಚ್ಚು. ಅಲ್ಲಿ ಅರ್ಧ ಗಂಟೆ ಉಳಿದರೆ ಉಳಿದೀತು.

ನೆಪೋಲಿಯನ್‌ನ ಲೆಕ್ಕ ಇನ್ನೂ ಸರಳ: ಬೂದು ಮೇಲಂಗಿ, ಒಳಗೆ ಹಸಿರು ಕೋಟು, ಅಡ್ಡ ಟೊಪ್ಪಿಗೆ. ಆ ಟೊಪ್ಪಿಗೆಯೊಂದೇ ಅವನನ್ನು ಗುರುತಿಸಲು ಸಾಕು. 15 ವರ್ಷಗಳಲ್ಲಿ ಅವನು ಬಳಸಿದ್ದು ಸುಮಾರು 120. ಅದರಲ್ಲೊಂದು 2014ರಲ್ಲಿ 18.84 ಲಕ್ಷ ಯೂರೋಗೆ ಹರಾಜಾಯಿತು. 2023ರ ನವೆಂಬರಿನಲ್ಲಿ ಫಾಂಟೆನ್‌ಬ್ಲೋದಲ್ಲಿ ಇನ್ನೊಂದು 19.32 ಲಕ್ಷ ಯೂರೋಗೆ. 9 ವರ್ಷದಲ್ಲಿ ಏರಿಕೆ ಶೇ 2.5 ಮಾತ್ರ. ಬ್ಯಾಂಕಿನ ಠೇವಣಿಯೂ ಇದಕ್ಕಿಂತ ಲಾಭ.

ಮತ್ತೆ ಕುದುರೆಗೆ. ವೆಲ್ಲಿಂಗ್ಟನ್‌ನ ಕೋಪನ್‌ಹೇಗನ್ ಕೆಂಗಂದು ಬಣ್ಣದ್ದು, 1808ರಲ್ಲಿ ಹುಟ್ಟಿ 1836ರಲ್ಲಿ ಸತ್ತದ್ದು, ಎತ್ತರ 15 ಹ್ಯಾಂಡ್. ಹ್ಯಾಂಡ್ ಎಂದರೆ 4 ಅಂಗುಲ. 15ಕ್ಕೆ 152 ಸೆಂ.ಮೀ., ಗೊಂಬೆಯಲ್ಲಿ 47.6 ಮಿ.ಮೀ. ಮೇಲ್ಮೈಯ ಶೇ 63 ಕುದುರೆಯದೇ. ಸಮಯದಲ್ಲಿ ಜೀನು, ಲಗಾಮು ಸೇರಿಸಿದರೂ 6 ಗಂಟೆ, ಶೇ 30. ಮುಖದ ಒಂದು ಚದರ ಸೆಂ.ಮೀ.ಗೆ 357 ನಿಮಿಷದ ದರ ಬಿದ್ದರೆ ಕುದುರೆಯ ಒಂದು ಚದರ ಸೆಂ.ಮೀ.ಗೆ 8 ನಿಮಿಷ: 44 ಪಟ್ಟು ವ್ಯತ್ಯಾಸ. ಕೋಟು, ಚಲ್ಲಣ, ಮೇಲುಹೊದಿಕೆಗೆ 6 ಗಂಟೆ. ಎರಕದ ಗೆರೆ ಉಜ್ಜುವುದು, ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವ ಪದರ), ಪೀಠ, ವಾರ್ನಿಶ್‌ಗೆ ಉಳಿದ 3.

ಮುಖದ 5 ಗಂಟೆಯಲ್ಲಿ ಏನು ನಡೆಯುತ್ತದೆ? ಮನುಷ್ಯನ ಕಣ್ಣಿನ ಸೀಳು ಸುಮಾರು 30 ಮಿ.ಮೀ. ಅಗಲ, ಪಾಪೆ (ಸುತ್ತಲಿನ ಬಣ್ಣದ ವೃತ್ತವೂ ಸೇರಿ) 12 ಮಿ.ಮೀ. 1:32ರಲ್ಲಿ ಇವು 0.94 ಮತ್ತು 0.37 ಮಿ.ಮೀ. ಮೊದಲು ಕಣ್ಣುಗುಳಿಗೆ ಕಡುಕಂದು. ಅದು ಒಣಗಿದ ಮೇಲೆ ಒಳಗೆ ಬಿಳಿಯಲ್ಲ, ತುಸು ಬೂದು ಬೆರೆತ ಕೆನೆ ಬಣ್ಣ. ಅಂಚಿನಲ್ಲಿ ಕಂದಿನ ಕೂದಲೆಳೆ ಉಳಿಯಬೇಕು, ಅದೇ ರೆಪ್ಪೆ. ಪಾಪೆಯ ಚುಕ್ಕಿ ಮೇಲಿನ ರೆಪ್ಪೆಗೆ ತಾಗಿಕೊಂಡಿರಬೇಕು. ನಡುವೆ ಬಿಟ್ಟರೆ ಡ್ಯೂಕ್ ಗಾಬರಿ ಬಿದ್ದಂತೆ ಕಾಣುತ್ತಾನೆ. 0.1 ಮಿ.ಮೀ. ಆಚೀಚೆ ಆದರೆ ಪಾಪೆಯ ಅಗಲದ ಶೇ 27ರಷ್ಟು ದಾರಿ ತಪ್ಪಿದಂತೆ, ಮೆಳ್ಳೆಗಣ್ಣು. ಆಗ ಗುಳಿಯನ್ನು ಮತ್ತೆ ಕಂದಿನಿಂದ ತುಂಬಿ ಮೊದಲಿಂದ ಶುರು. ಎರಡೂ ಕಣ್ಣು ಒಂದೇ ಕಡೆ ನೋಡುವವರೆಗೆ ಗಂಟೆ ಕಳೆಯುತ್ತದೆ. ವೆಲ್ಲಿಂಗ್ಟನ್‌ನ ವಿಷಯದಲ್ಲಿ ಮೂಗು ಬೇರೆ ಇದೆ: ಅವನ ಸೈನಿಕರೇ ಅಡ್ಡಹೆಸರಿಟ್ಟ ಗಿಣಿಮೂಗು. ಏಣಿನ ಮೇಲೆ ಒಂದೇ ತಿಳಿಗೆರೆ, ಎರಡು ಬದಿಗೆ ನಸುಗೆಂಪು ನೆರಳು. ಗೆರೆ ದಪ್ಪವಾದರೆ ಅದು ಯಾರ ಮೂಗಾದರೂ ಆಗಬಹುದು.

ಇದನ್ನು ಮಾಡುವ ಬ್ರಷ್ಷಿನ ಕೂದಲು ಕೊಲಿನ್‌ಸ್ಕಿ, ಸೈಬೀರಿಯಾದ ವೀಸಲ್ ಎಂಬ ಪ್ರಾಣಿಯ ಬಾಲದ್ದು. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ‘ಸೀರೀಸ್ 7’ ಬ್ರಷ್ 1866ರಲ್ಲಿ ವಿಕ್ಟೋರಿಯಾ ರಾಣಿಗೆಂದು ತಯಾರಾದದ್ದು. ರಾಣಿ ಮೆಚ್ಚಿದ ಅಳತೆ 7ನೇ ನಂಬರ್ ಎಂದು ಆ ಹೆಸರು. ಇದರ ವ್ಯಾಪಾರಕ್ಕೆ ಭಾರತದ ನಂಟೂ ಇದೆ. ಈ ಪ್ರಾಣಿ ಹಿಮಾಲಯದಲ್ಲೂ ವಾಸಿಸುವುದರಿಂದ ಭಾರತದ ಕೋರಿಕೆಯ ಮೇರೆಗೆ ಅದು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) 3ನೇ ಅನುಬಂಧದಲ್ಲಿದೆ. ಬ್ರಷ್ ಗಡಿ ದಾಟಲು ಕೂದಲಿನ ಮೂಲದ ದಾಖಲೆ ಬೇಕು. 2014ರ ಸುಮಾರಿಗೆ ಅಮೆರಿಕದಲ್ಲಿ ಇದೇ ಕಾರಣಕ್ಕೆ ಆಮದು ಸಿಕ್ಕಿಕೊಂಡಿತ್ತು. 1,500 ರೂ.ನ 3 ಬ್ರಷ್‌ಗಳು 10 ಗೊಂಬೆಗೆ ಬಾಳಿದರೆ ಗೊಂಬೆಗೆ 450 ರೂ.; ಬಳಕೆಯಾದ ಬಣ್ಣದ ಎಂಟೂವರೆ ಪಟ್ಟು. ಬಣ್ಣ ಬೇರಿನವರೆಗೆ ಏರಿ ಒಣಗಿದರೆ ತುದಿ ಸೀಳುತ್ತದೆ, ಆಮೇಲೆ ಅದು ಪೀಠದ ಮಣ್ಣು ಬಳಿಯುವ ಕೆಲಸಕ್ಕಷ್ಟೇ.

ಲೋಹದ ಬೆಲೆಯ ಬಗ್ಗೆ ಹವ್ಯಾಸಿಗಳು ಬಹಳ ಮಾತಾಡುತ್ತಾರೆ. ಅಂಕಿ ಅಷ್ಟು ಹೇಳುವುದಿಲ್ಲ. ವೈಟ್ ಮೆಟಲ್ ಎಂದರೆ ತವರ ಪ್ರಧಾನವಾದ ಮಿಶ್ರಲೋಹ. 450 ಲೀಟರ್ ಗಾತ್ರದ ಕುದುರೆಯನ್ನು 32,768ರಿಂದ ಭಾಗಿಸಿದರೆ 13.7 ಘನ ಸೆಂ.ಮೀ.; ಸವಾರನೂ ಸೇರಿ 17. ಪೂರ್ತಿ ತವರವೆಂದೇ ಹಿಡಿದರೂ 124 ಗ್ರಾಂ. 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ತವರ ಟನ್ನಿಗೆ 50,000 ಡಾಲರ್ ದಾಟಿ ದಾಖಲೆ ಮಾಡಿತು; ಅದೇ ನವೆಂಬರಿನಲ್ಲಿ 18,000ಕ್ಕೂ ಕೆಳಗಿಳಿಯಿತು, ಶೇ 64 ಕುಸಿತ. ಗೊಂಬೆಯ ಲೆಕ್ಕದಲ್ಲಿ ಇದು 527 ರೂ.ನಿಂದ 190 ರೂ. 6,000 ರೂ.ನ ಪೆಟ್ಟಿಗೆಯಲ್ಲಿ ಲೋಹದ ಪಾಲು ಅತಿ ಹೆಚ್ಚೆಂದರೆ ಶೇ 9, ಕಡಿಮೆಯೆಂದರೆ ಶೇ 3. ಲೋಹ ಉಳಿಸುವುದು ನಿಜವಾಗಿ ಲಾಭವಾಗಿದ್ದು ಲಕ್ಷಗಟ್ಟಲೆ ಆಟಿಕೆ ಸಿಪಾಯಿಗಳನ್ನು ಮಾರುತ್ತಿದ್ದವರಿಗೆ: ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಎರಕವನ್ನು ಕಂಡುಕೊಂಡಿತು, 54 ಮಿ.ಮೀ. ಅಳತೆ ರೂಢಿಯಾದದ್ದೂ ಅದರಿಂದಲೇ.

ದೊಡ್ಡ ಖರ್ಚು ಕೂಲಿ. ಹವ್ಯಾಸಿ ತನಗೆ ತಾನೇ ಕೂಲಿ ಕೊಟ್ಟುಕೊಳ್ಳುವುದಿಲ್ಲ. ಹಾಗಾಗಿ ಬ್ರಿಟನ್ನಿನ ಕಾನೂನು ವಯಸ್ಕರಿಗೆ ನಿಗದಿಪಡಿಸಿದ ಕನಿಷ್ಠ ಗಂಟೆ ಕೂಲಿಯನ್ನು ಅಳತೆಗೋಲಾಗಿ ತೆಗೆದುಕೊಂಡಿದ್ದೇನೆ. 2023ರ ಏಪ್ರಿಲ್‌ನಲ್ಲಿ ಅದು 10.42 ಪೌಂಡ್, 2024ರಲ್ಲಿ 11.44, ಏರಿಕೆ ಶೇ 9.8, 2025ರಲ್ಲಿ 12.21, ಏರಿಕೆ ಶೇ 6.7. 20 ಗಂಟೆಯ ವೆಲ್ಲಿಂಗ್ಟನ್ 208 ಪೌಂಡಿನಿಂದ 244 ಪೌಂಡಿಗೆ ಏರಿದ. ಎರಡು ವರ್ಷದಲ್ಲಿ ಶೇ 17. ರೂಪಾಯಿಯಲ್ಲಿ 2025ರ ಮೊತ್ತ 28,083.

ಈಗ ಎರಡು ಬಗೆಯ ಮೊತ್ತ ಬರುತ್ತದೆ. ಮೊದಲ ಗೊಂಬೆ ಮಾಡುವವನ ಜೇಬಿನಿಂದ ಹೋಗುವುದು: ಪೆಟ್ಟಿಗೆ 6,000, ಬಣ್ಣ 4,800, ಬ್ರಷ್ 4,500, ಪ್ರೈಮರ್ ಮತ್ತು ವಾರ್ನಿಶ್ 1,500, ಪೀಠ 200; ಒಟ್ಟು 17,000 ರೂ. ಇದರಲ್ಲಿ ಶೇ 63.5 ಮುಂದಿನ ಗೊಂಬೆಗಳಿಗೂ ಉಳಿಯುವ ದಾಸ್ತಾನು. ಬಳಕೆಯಾದಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಪೆಟ್ಟಿಗೆ 6,000, ಬಣ್ಣ 53, ಬ್ರಷ್ 450, ಪ್ರೈಮರ್–ವಾರ್ನಿಶ್ 150, ಪೀಠ 200, ಒಟ್ಟು 6,853. ಕೂಲಿ ಸೇರಿಸಿದರೆ 34,936 ರೂ. ಕೂಲಿಯ ಪಾಲು ಶೇ 80.4, ಪೆಟ್ಟಿಗೆಯದು ಶೇ 17.2, ಬಣ್ಣದ್ದು ಶೇ 0.15. ಬಣ್ಣದ ದರ ದುಪ್ಪಟ್ಟಾದರೂ ಒಟ್ಟು ಮೊತ್ತ 53 ರೂ. ಏರುತ್ತದೆ, ಅಷ್ಟೆ.

ಅಳತೆ ಚಿಕ್ಕದಾದರೆ ಖರ್ಚು ತಗ್ಗುತ್ತದೆಯೇ? ಯುದ್ಧದಾಟದ ಮೇಜಿನ ಮೇಲೆ ಬಳಕೆಯಲ್ಲಿರುವ 28 ಮಿ.ಮೀ. ಗೊಂಬೆ ಸುಮಾರು 1:56. ಮೇಲ್ಮೈ 70ರಿಂದ 23 ಚದರ ಸೆಂ.ಮೀ.ಗೆ ಇಳಿಯುತ್ತದೆ, ಶೇ 67 ಕಡಿತ. ಅದೇ ಮಟ್ಟದ ಕೆಲಸ ಬೇಕೆಂದರೆ ಸಮಯ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ, ಪಾಪೆ 0.21 ಮಿ.ಮೀ. ಆದಾಗ ಕೈ ಇನ್ನೂ ನಿಧಾನವಾಗುತ್ತದೆ. ಸಮಯ ತಗ್ಗುವುದು ಗುಣಮಟ್ಟ ತಗ್ಗಿಸಿದಾಗ. ವಾಟರ್ಲೂನಲ್ಲಿ ವೆಲ್ಲಿಂಗ್ಟನ್‌ನ ಕೈಕೆಳಗೆ ಸುಮಾರು 68,000 ಜನ. 20 ಸೈನಿಕರಿಗೆ ಒಂದು ಗೊಂಬೆಯಂತೆ 3,400 ಗೊಂಬೆ. ಸಾಲಿನಲ್ಲಿ ನಿಲ್ಲಿಸಿ ಒಮ್ಮೆಗೆ ಒಂದೇ ಬಣ್ಣ ಬಳಿಯುತ್ತ ಹೋದರೆ ಒಂದಕ್ಕೆ 40 ನಿಮಿಷ. ಒಟ್ಟು 2,267 ಗಂಟೆ. ಸೇನಾಪತಿ ತಲೆಯೆಣಿಕೆಯಲ್ಲಿ ಶೇ 0.03, ಸಮಯದಲ್ಲಿ ಶೇ 0.9. ಒಬ್ಬ ಸಿಪಾಯಿಯ 30 ಪಟ್ಟು. ಸೈನ್ಯದಲ್ಲಿ ಸಂಬಳದ ಅಂತರ ಇದಕ್ಕಿಂತ ಹೆಚ್ಚೇ ಇದ್ದಿರಬೇಕು.

2019ರ ಜೂನ್‌ನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವಾಟರ್ಲೂ ಕದನವನ್ನು 28 ಮಿ.ಮೀ. ಗೊಂಬೆಗಳಿಂದ ಮೇಜಿನ ಮೇಲೆ ಮರಳಿ ಆಡಿದಾಗ ಹವ್ಯಾಸಿಗಳು ಬಣ್ಣ ಬಳಿದ ಗೊಂಬೆಗಳು 20,000ಕ್ಕೂ ಹೆಚ್ಚು. 40 ನಿಮಿಷದ ದರದಲ್ಲಿ 13,333 ಗಂಟೆ. ಆ ವರ್ಷದ ಕನಿಷ್ಠ ಕೂಲಿ 8.21 ಪೌಂಡಿನಂತೆ 1.09 ಲಕ್ಷ ಪೌಂಡ್ ಮೌಲ್ಯದ, ಯಾರೂ ಬಿಲ್ ಮಾಡದ ಕೆಲಸ.

ಬಿಲ್ ಆದ ಹಳೆಯ ಉದಾಹರಣೆಯೂ ಇದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸೈಬೋರ್ನ್ ವಾಟರ್ಲೂ ಕದನದ ಮಾದರಿ ಮಾಡಲೆಂದು 1830ರಲ್ಲಿ ರಣರಂಗದ ಲಾ ಹೇ ಸೈಂಟ್ ತೋಟದಮನೆಯಲ್ಲಿ 8 ತಿಂಗಳು ಉಳಿದು ಸರ್ವೆ ಮಾಡಿದ. 1833ರಲ್ಲಿ ಸರ್ಕಾರ ಹಣ ನಿಲ್ಲಿಸಿತು. ಸಾಲ ಮಾಡಿ 1838ರಲ್ಲಿ ಮುಗಿಸಿದ. ಸುಮಾರು 400 ಚದರ ಅಡಿಯ ಮಾದರಿ, 70,000ಕ್ಕೂ ಹೆಚ್ಚು ಗೊಂಬೆ, ಖರ್ಚು ಸುಮಾರು 3,000 ಪೌಂಡ್. ನೆಲ, ಸರ್ವೆ ಎಲ್ಲ ಸೇರಿ ಗೊಂಬೆಗೆ 10 ಪೆನ್ಸ್ ಬೀಳುತ್ತದೆ. ನೋಡಲು ಇಟ್ಟ ಟಿಕೆಟ್ಟು 1 ಶಿಲ್ಲಿಂಗ್, ಅಂದರೆ 12 ಪೆನ್ಸ್. 60,000 ಟಿಕೆಟ್ಟಿಗೆ ಅಸಲು ಬರಬೇಕಿತ್ತು. ಲಂಡನ್ನಿನ ಪಿಕಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ ಸುಮಾರು 1 ಲಕ್ಷ ಜನ ನೋಡಿದರು, 5,000 ಪೌಂಡ್. ಆ ಹಣ ಸೈಬೋರ್ನ್‌ನ ಕೈಗೆ ಬರಲಿಲ್ಲ. ಸಾಲ ತೀರಲೂ ಇಲ್ಲ. ಮಿತ್ರಪಕ್ಷದ ಪ್ರಷ್ಯನ್ ಪಡೆಯನ್ನು ಮಾದರಿಯಲ್ಲಿ ಎಲ್ಲಿ ನಿಲ್ಲಿಸಿದ ಎಂಬುದಕ್ಕೆ ಸ್ವತಃ ವೆಲ್ಲಿಂಗ್ಟನ್‌ನ ಅಸಮಾಧಾನ ಬೇರೆ. ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಅಲ್ಲಿನ ಗೊಂಬೆಯ ಎತ್ತರ ಸುಮಾರು 10 ಮಿ.ಮೀ. ನೆಲದ ಪ್ರಮಾಣ ಮೈಲಿಗೆ 9 ಅಡಿ, 1:587. ಅದರಂತೆ ಮನುಷ್ಯ 3 ಮಿ.ಮೀ. ಇರಬೇಕಿತ್ತು. ಕಾಣಿಸಲೆಂದು ಮೂರು ಪಟ್ಟು ದೊಡ್ಡದು ಮಾಡಿದ್ದಾರೆ. ಹಾಗಿದ್ದೂ ಇಡೀ ಮೈಯ ಮೇಲ್ಮೈ 0.6 ಚದರ ಸೆಂ.ಮೀ., 54 ಮಿ.ಮೀ. ವೆಲ್ಲಿಂಗ್ಟನ್‌ನ ಮುಖಕ್ಕಿಂತ ಕಡಿಮೆ. ಅಲ್ಲಿ ಸೇನಾಪತಿಗೂ ಸಿಪಾಯಿಗೂ ಸಮಯದಲ್ಲಿ ದೊಡ್ಡ ವ್ಯತ್ಯಾಸ ಸಾಧ್ಯವೇ ಇಲ್ಲ.

ಗೊಂಬೆ, ಬಣ್ಣಗಳನ್ನು ಮಾರುವ ಉದ್ಯಮ ಬೆಳೆಯುತ್ತಿದೆ. ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಮಾಡುವುದು ಕಲ್ಪಿತ ಲೋಕದ ಗೊಂಬೆಗಳನ್ನು. ಆದರೆ ಮೇಲೆ ಹೇಳಿದ ಸಿಟಡೆಲ್ ಬಣ್ಣ ಅದರದೇ, ನೆಪೋಲಿಯನ್ ಕಾಲದ ಗೊಂಬೆಗೂ ಅದನ್ನೇ ಬಳಿಯುತ್ತಾರೆ. ಅದರ ವಹಿವಾಟು 2022–23ರಲ್ಲಿ 47.08 ಕೋಟಿ ಪೌಂಡ್, 2023–24ರಲ್ಲಿ 52.57 ಕೋಟಿ (ಶೇ 11.7 ಏರಿಕೆ), 2024–25ರಲ್ಲಿ 61.75 ಕೋಟಿ (ಶೇ 17.5 ಏರಿಕೆ). ಬೆಂಗಳೂರಿನ ಹವ್ಯಾಸಿಗೆ ಈ ಅಂಕಿಗಿಂತ ಹತ್ತಿರದ್ದು ಸೀಮಾಸುಂಕ. ಕಿರುಗಾತ್ರದ ಮಾದರಿಗಳು ಆಟಿಕೆಗಳೊಂದಿಗೆ ಸುಂಕ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಬರುತ್ತವೆ. ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ವ್ಯಾಪಾರಿ 6,000 ರೂ. ಮೌಲ್ಯದ ಪೆಟ್ಟಿಗೆ ತರಿಸಿದರೆ ಮೂಲ ಸುಂಕವೊಂದೇ 1,200ರಿಂದ 4,200 ರೂ. ಈ 3,000 ರೂ. ಏರಿಕೆ ಗೊಂಬೆಗೆ ಬೇಕಾದ ಬಣ್ಣದ ಬೆಲೆಯ ಸುಮಾರು 57 ಪಟ್ಟು.

ಪೆಟ್ಟಿಗೆಯನ್ನೇ ತಪ್ಪಿಸುವ ದಾರಿ ತ್ರೀಡಿ ಮುದ್ರಣ: ದ್ರವ ರೆಸಿನ್ ಅನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿ ಮಾಡುವ ವಿಧಾನ. 17 ಘನ ಸೆಂ.ಮೀ.ಗೆ ರೆಸಿನ್ ಸುಮಾರು 19 ಗ್ರಾಂ. ಆಸರೆ ಕಡ್ಡಿಗಳು ಸೇರಿ 32 ಗ್ರಾಂ. ಕಿಲೋಗೆ 2,500 ರೂ.ನಂತೆ 80 ರೂ. ವಿನ್ಯಾಸದ ಕಡತಕ್ಕೆ 800 ರೂ. ಕೊಟ್ಟರೂ 6,000ದ ಜಾಗಕ್ಕೆ 880 ಬಂತು. ಒಟ್ಟು 29,816 ರೂ.ಗೆ ಇಳಿದು, ಕೂಲಿಯ ಪಾಲು ಶೇ 80.4ರಿಂದ 94.2ಕ್ಕೆ ಏರುತ್ತದೆ. ಮುದ್ರಣದ ಪದರಗೆರೆಗಳು ಕುದುರೆಯ ಬೆನ್ನಿನ ಮೇಲೆ, ಮೇಲುಹೊದಿಕೆಯ ಇಳಿಜಾರಿನಲ್ಲಿ ಉಳಿಯುತ್ತವೆ. ಬಣ್ಣ ಬಿದ್ದ ಮೇಲೆ ಇನ್ನಷ್ಟು ಎದ್ದು ಕಾಣುವುದರಿಂದ ಮೊದಲೇ ಉಜ್ಜಬೇಕು. ಅದಕ್ಕೆ ಹೆಚ್ಚುವರಿ 1 ಗಂಟೆ ಹಿಡಿದರೆ 1,404 ರೂ., ಸುರಿದ ರೆಸಿನ್ನಿನ ಹದಿನೇಳೂವರೆ ಪಟ್ಟು.